ನೋಂದಣಿ ಯಾದಿ ಕೆಟ್ಟಾಗ ದುರಸ್ತಿ ಹೇಗೆ ನಡೆಯುತ್ತದೆ?



ಹಂಗಾಮಿನ ನಡುವೆ ಗಟ ಆಫೀಸಿಗೆ ಹೋದಾಗ "ಕಂಪ್ಯೂಟರಿನ ಯಾದಿ ಕೆಟ್ಟದ, ದುರಸ್ತಿ ನಡದದ, ನಾಳಿ ಬರ್ರಿ" ಎಂಬ ಉತ್ತರವನ್ನು ನಿಮ್ಮಲ್ಲಿ ಅನೇಕರು ಕೇಳಿರುತ್ತೀರಿ. ಮರುದಿನ ಹೋದರೆ "ದುರಸ್ತಿ ಆಯ್ತು" ಎನ್ನುತ್ತಾರೆ. ಅಲ್ಲಿಗೆ ಆಫೀಸಿನವರ ಮಾತು ಮುಗಿಯುತ್ತದೆ. ಆದರೆ ನಾನು ಹೊಲದ ಭೇಟಿಗೆ ಬಂದಾಗ ಜಾಣ ರೈತರು ಕೇಳುವ ಪ್ರಶ್ನೆ ಬೇರೆಯೇ ಇರುತ್ತದೆ: "ಸಾಹೇಬ್ರ, ದುರಸ್ತಿ ಆತು ಅಂತೀರಿ. ನಮ್ಮ ನಾಟಿ ತಾರೀಖ ಮೊದಲಿದ್ದಂಗೇ ಅದನೋ ಇಲ್ಲೋ?"

ಇದು ಯೋಗ್ಯವಾದ ಪ್ರಶ್ನೆ. ಕಟಾವಿನ ಸರದಿ ನಿಂತಿರುವುದೇ ಆ ತಾರೀಖಿನ ಮೇಲೆ. ಜುಲೈ 5ಕ್ಕೆ ಹಚ್ಚಿದ ಆಡಸಾಲಿ ಕಬ್ಬು ಯಾದಿಯಲ್ಲಿ ಆಗಸ್ಟ್ 20 ಎಂದು ಬಿದ್ದರೆ ನಿಮ್ಮ ಹೊಲಕ್ಕೆ ಟೋಳಿ ಬರುವುದು ಒಂದೂವರೆ ತಿಂಗಳು ಹಿಂದೆ ಬೀಳುತ್ತದೆ. ಅಷ್ಟರಲ್ಲಿ ಬಿಸಿಲು ಏರಿ, ನಿಂತ ಕಬ್ಬು ತೂಕ ಕಳೆದುಕೊಳ್ಳುತ್ತದೆ. ಯಾದಿಯಲ್ಲಿ ಹೆಸರೇ ಇಲ್ಲದಿದ್ದರೆ ಚಿಟ್‌ಬಾಯ್ ಕಟಾವು ಚೀಟಿಯನ್ನೇ ಹರಿಯಲಾರ. ಇನ್ನು ಬಿಲ್ಲಿನ ಮಾತು. ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಪಾವತಿಯಾಗಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವು ವಿಧಿಸಿತು. ತೂಕದ ದಾಖಲೆ ಮತ್ತು ಸಭಾಸದ ನಂಬರಿನ ಜೋಡಣೆ ತಪ್ಪಿದರೆ ಆ ಬಿಲ್ಲು ಯಾರ ಖಾತೆಗೆ ಹೋಗಬೇಕು? ಆದ್ದರಿಂದ "ದುರಸ್ತಿ" ಎಂಬ ಶಬ್ದದ ಒಳಗೆ ಏನಿದೆ ಎಂಬುದನ್ನು ಪ್ರತಿಯೊಬ್ಬ ಸಭಾಸದನೂ ತಿಳಿದಿರುವುದು ಒಳ್ಳೆಯದು. ನಾನು ಕೃಷಿ ಪದವೀಧರ, ಕಂಪ್ಯೂಟರ್ ವಿಭಾಗದವನಲ್ಲ. ಆದರೆ ನೋಂದಣಿಯ ಕೆಲಸ ನನ್ನ ವಿಭಾಗದ್ದಾದ್ದರಿಂದ ದುರಸ್ತಿ ನಡೆಯುವಾಗ ಬದಿಗೆ ಕುಳಿತು ನೋಡಿದ್ದೇನೆ, ಕೇಳಿ ತಿಳಿದಿದ್ದೇನೆ.

ವಹಿ ಮತ್ತು ಅದರ ಸೂಚಿ

ನಮ್ಮ ನೋಂದಣಿ ಪ್ರೋಗ್ರಾಮು ಹಳೆಯದು. ಅದು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್, ಅಂದರೆ ಮಾಹಿತಿ ಭಂಡಾರದ ಮೇಲೆ ನಡೆಯುತ್ತದೆ. ಇದು ಸ್ವೀಡನ್ ದೇಶದಲ್ಲಿ ಹುಟ್ಟಿ 1995ರಲ್ಲಿ ಹೊರಬಂದದ್ದು. ಜಗತ್ತಿನ ಎಷ್ಟೋ ಆಫೀಸುಗಳಲ್ಲಿ ಬಳಕೆಯಲ್ಲಿದೆ. ಇದರಲ್ಲಿ ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡುತ್ತಾರೆ. ಒಬ್ಬ ಸಭಾಸದನ ಒಂದು ಹೊಲಕ್ಕೆ ಒಂದು ದಾಖಲೆ: ಸಭಾಸದ ನಂಬರು, ಊರು, ಗಟ ನಂಬರು, ಕ್ಷೇತ್ರ, ತಳಿ ಕೋ 86032 ಇದೆಯೋ ಕೋಎಂ 0265 ಇದೆಯೋ, ನಾಟಿಯೋ ಕುಳೆಯೋ, ನಾಟಿ ತಾರೀಖು. ಹೀಗೆ ಸಾವಿರಾರು ದಾಖಲೆ ಒಂದರ ಕೆಳಗೊಂದು ಇರುತ್ತವೆ.

ಹಳೆಯ ಪ್ರೋಗ್ರಾಮುಗಳಲ್ಲಿ ಈ ಕೋಷ್ಟಕಗಳನ್ನು ಮೈಐಸ್ಯಾಮ್ ಎಂಬ ಪದ್ಧತಿಯಲ್ಲಿ ಇಟ್ಟಿರುತ್ತಾರೆ. ಆ ಪದ್ಧತಿಯಲ್ಲಿ ಒಂದು ಕೋಷ್ಟಕಕ್ಕೆ ಡಿಸ್ಕಿನ ಮೇಲೆ ಮುಖ್ಯವಾಗಿ ಎರಡು ಫೈಲುಗಳು. ಎಂವೈಡಿ ಎಂದು ಕೊನೆಗೊಳ್ಳುವುದು ಮಾಹಿತಿಯ ಫೈಲು, ಎಂವೈಐ ಎಂದು ಕೊನೆಗೊಳ್ಳುವುದು ಸೂಚಿಯ ಫೈಲು. ಇವಲ್ಲದೆ ಕೋಷ್ಟಕದ ಕಾಲಮುಗಳು ಯಾವುವು ಎಂದು ಹೇಳುವ ಚಿಕ್ಕ ವಿವರಣೆಯ ಫೈಲೂ ಒಂದಿರುತ್ತದೆ.

ಸೊಸಾಯಿಟಿಯ ಖಾತೆ ವಹಿಯನ್ನು ನೆನಪಿಗೆ ತಂದುಕೊಳ್ಳಿರಿ. ವಹಿಯ ಒಳಪುಟಗಳಲ್ಲಿ ಲೆಕ್ಕ, ಮೊದಲ ಪುಟಗಳಲ್ಲಿ "ಇಂಥವರ ಖಾತೆ ಇಂಥ ಪುಟದಲ್ಲಿ" ಎಂಬ ಸೂಚಿ. ಎಂವೈಡಿ ಎಂದರೆ ಒಳಪುಟಗಳು, ಎಂವೈಐ ಎಂದರೆ ಮುಂದಿನ ಸೂಚಿ. ಸೂಚಿಯ ಪುಟ ಹರಿದು ಹೋದರೆ ಗುಮಾಸ್ತನು ವಹಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೊಸ ಸೂಚಿ ಬರೆಯಬಲ್ಲ. ಒಂದು ದಿನದ ಕೆಲಸ ಹೆಚ್ಚಾಯಿತು, ಅಷ್ಟೇ. ಒಳಪುಟವೇ ಹರಿದು ಹೋದರೆ ಸೂಚಿಯಿಂದ ಆ ಲೆಕ್ಕವನ್ನು ಹುಟ್ಟಿಸಲು ಯಾರಿಂದಲೂ ಆಗದು. ಈ ಎರಡರ ಭೇದ ಮನಸ್ಸಿನಲ್ಲಿ ನಿಂತರೆ ದುರಸ್ತಿಯ ಅರ್ಧ ವಿಷಯ ತಿಳಿದಂತೆಯೇ.

ಕೆಡುವುದು ಏತರಿಂದ?

ಬಹಳ ಸಲ ಕರೆಂಟಿನಿಂದ. ದಾಖಲೆ ಬರೆಯುತ್ತಿರುವಾಗ ಕರೆಂಟು ಹೋಗಿ, ಯುಪಿಎಸ್ ಬ್ಯಾಟರಿಯೂ ಹಳತಾಗಿದ್ದರೆ ಬರವಣಿಗೆ ಅರ್ಧಕ್ಕೆ ನಿಲ್ಲುತ್ತದೆ. ಕಂಪ್ಯೂಟರ್ ನಿಂತುಹೋಯಿತೆಂದು ಅವಸರದಿಂದ ಬಟನ್ ಒತ್ತಿ ಬಂದ್ ಮಾಡಿದರೂ ಅದೇ ಪರಿಣಾಮ. ಡಿಸ್ಕು ಕೆಟ್ಟರೆ ಕೂಡ ಹಾಗೆಯೇ. ಡೇಟಾಬೇಸ್ ಚಾಲೂ ಇರುವಾಗಲೇ ಇನ್ನೊಂದು ಪ್ರೋಗ್ರಾಮು ಅದೇ ಫೈಲಿಗೆ ಕೈಹಾಕಿದರೂ ಕೆಡುತ್ತದೆ. ದುರಸ್ತಿ ಮಾಡುವ ಪ್ರೋಗ್ರಾಮಿಗೂ ಈ ಮಾತು ಅನ್ವಯಿಸುತ್ತದೆ ಎಂಬುದು ಸೋಜಿಗವಾದರೂ ನಿಜ.

ಸೂಚಿಯ ಫೈಲಿನ ತಲೆಯ ಭಾಗದಲ್ಲಿ ಒಂದು ಎಣಿಕೆ ಇರುತ್ತದೆ. ಕೋಷ್ಟಕದಲ್ಲಿ ತಿದ್ದುಪಡಿ ಆರಂಭವಾದಾಗ ಆ ಎಣಿಕೆ ಒಂದು ಏರುತ್ತದೆ, ಕೋಷ್ಟಕವನ್ನು ಸರಿಯಾಗಿ ಮುಚ್ಚಿದಾಗ ಒಂದು ಇಳಿಯುತ್ತದೆ. ನಡುವೆ ಕರೆಂಟು ಹೋದರೆ ಏರಿದ ಎಣಿಕೆ ಇಳಿಯದೆ ಉಳಿಯುತ್ತದೆ. ಮುಂದೆ ತಪಾಸಣೆ ಮಾಡಿದಾಗ "ಈ ಕೋಷ್ಟಕವನ್ನು ಯಾರೋ ಬಳಸುತ್ತಿದ್ದಾರೆ ಅಥವಾ ಸರಿಯಾಗಿ ಮುಚ್ಚಿಲ್ಲ" ಎಂಬ ಎಚ್ಚರಿಕೆ ಬರುತ್ತದೆ. ಹಾಗೆಂದ ಮಾತ್ರಕ್ಕೆ ಮಾಹಿತಿ ಕೆಟ್ಟಿದೆ ಎಂದಲ್ಲ. ಗೋದಾಮಿನ ಬಾಗಿಲು ರಾತ್ರಿ ತೆರೆದೇ ಉಳಿದಿತ್ತು ಎಂಬಷ್ಟೇ ಅದರ ಅರ್ಥ. ಮಾಲು ಹೋಗಿದೆಯೋ ಇಲ್ಲವೋ ಒಳಗೆ ಹೋಗಿ ಎಣಿಸಬೇಕು.

ನಿಜವಾಗಿ ಕೆಟ್ಟಿದ್ದರೆ ಯಂತ್ರವು ನಂಬರು ಕೊಟ್ಟು ಹೇಳುತ್ತದೆ. 126 ಎಂದರೆ ಸೂಚಿಯ ಫೈಲು ಕೆಟ್ಟಿದೆ. 127 ಎಂದರೆ ದಾಖಲೆಯ ಫೈಲು ಕೆಟ್ಟಿದೆ. 145 ಎಂದರೆ ಕೋಷ್ಟಕಕ್ಕೆ ಕೆಟ್ಟಿದೆ ಎಂಬ ಗುರುತು ಬಿದ್ದಿದೆ, ದುರಸ್ತಿ ಮಾಡಬೇಕು. 144 ಎಂದರೆ ಹಿಂದೆ ಮಾಡಿದ ದುರಸ್ತಿಯೇ ಕೈಕೊಟ್ಟಿದೆ. ನನಗೆ ಕೇಳಿದರೆ, ರೈತನು ಆಫೀಸಿನಲ್ಲಿ "ಎಷ್ಟನೆಯ ನಂಬರಿನ ದೋಷ ಬಂದದ?" ಎಂದು ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ. 126ಕ್ಕೂ 127ಕ್ಕೂ ನಿಮ್ಮ ಪಾಲಿಗೆ ಬಹಳ ಅಂತರವಿದೆ.

ತಪಾಸಣೆ ಮೊದಲು, ಔಷಧ ಆಮೇಲೆ

ಇಂಥ ಕೋಷ್ಟಕಗಳನ್ನು ತಪಾಸಿ ದುರಸ್ತಿ ಮಾಡುವ ಪ್ರೋಗ್ರಾಮಿನ ಹೆಸರು ಮೈಐಸ್ಯಾಮ್‌ಚೆಕ್. ಡೇಟಾಬೇಸಿನ ಜೊತೆಗೇ ಬರುತ್ತದೆ, ಬೇರೆ ಹಣ ಕೊಡಬೇಕಾಗಿಲ್ಲ. ಇದನ್ನು ನಡೆಸುವ ಮೊದಲು ಡೇಟಾಬೇಸನ್ನು ಬಂದ್ ಮಾಡಬೇಕು. ಗಟ ಆಫೀಸುಗಳಲ್ಲಿ "ನಾಳಿ ಬರ್ರಿ" ಎಂದು ಹೇಳುವುದು ಇದಕ್ಕಾಗಿಯೇ, ಸೋಮಾರಿತನದಿಂದಲ್ಲ. ಮೈಎಸ್‌ಕ್ಯೂಎಲ್‌ಚೆಕ್ ಎಂಬ ಇನ್ನೊಂದು ಪ್ರೋಗ್ರಾಮು ಇದೆ. ಅದು ಡೇಟಾಬೇಸ್ ಚಾಲೂ ಇರುವಾಗ ಅದರ ಮೂಲಕವೇ ತಪಾಸಣೆ, ದುರಸ್ತಿ ಮಾಡಿಸುತ್ತದೆ.

ಬೆಳೆಗೆ ರೋಗ ಬಂದಾಗ ಎಲೆ ನೋಡಿದರೆ ಸಾಕೋ, ಬುಡ ಸೀಳಿ ನೋಡಬೇಕೋ ಎಂಬಂತೆ ತಪಾಸಣೆಯಲ್ಲಿಯೂ ಆಳದ ಭೇದಗಳಿವೆ. ಸಾಧಾರಣ ತಪಾಸಣೆ ಬೇಗ ಮುಗಿಯುತ್ತದೆ ಮತ್ತು ಹೆಚ್ಚುಕಡಿಮೆ ಎಲ್ಲ ದೋಷಗಳನ್ನೂ ಹಿಡಿಯುತ್ತದೆ. ಆದರೆ ಮಾಹಿತಿಯ ಫೈಲಿನಲ್ಲಿ ಮಾತ್ರ ಆದ ಕೇಡು ಅದರ ಕಣ್ಣಿಗೆ ಬೀಳದೆ ಹೋಗಬಹುದು. ಮಧ್ಯಮ ತಪಾಸಣೆಯು ದಾಖಲೆಗಳನ್ನು ಒಂದೊಂದಾಗಿ ಓದಿ ಸೂಚಿಯೊಂದಿಗೆ ತಾಳೆ ನೋಡುತ್ತದೆ. ವಿಸ್ತೃತ ತಪಾಸಣೆಯು ಪ್ರತಿ ದಾಖಲೆಗೆ ಇರುವ ಪ್ರತಿಯೊಂದು ಸೂಚಿಯೂ ಸರಿಯಾದ ದಾಖಲೆಯನ್ನೇ ತೋರಿಸುತ್ತದೆಯೋ ಎಂದು ನೋಡುತ್ತದೆ. ದೊಡ್ಡ ಕೋಷ್ಟಕಕ್ಕೆ ಇದರಿಂದ ಬಹಳ ಹೊತ್ತು ಹಿಡಿಯುತ್ತದೆ. ನೋಂದಣಿ ಯಾದಿಗೆ ಕನಿಷ್ಠ ಮಧ್ಯಮ ತಪಾಸಣೆಯಾದರೂ ಬೇಕೆಂಬುದು ನನ್ನ ಆಗ್ರಹ. ನಾಟಿ ತಾರೀಖು ಇರುವುದು ಮಾಹಿತಿಯ ಫೈಲಿನಲ್ಲಿಯೇ ಅಲ್ಲವೆ?

ತಪಾಸಣೆಯಲ್ಲಿ ದೋಷ ಕಂಡರೆ ಕೂಡಲೆ ದುರಸ್ತಿಗೆ ಕೈಹಾಕಕೂಡದು. ಮೊದಲು ಕೆಟ್ಟ ಫೈಲುಗಳನ್ನೇ ಇದ್ದಂತೆಯೇ ಇನ್ನೊಂದು ಡಿಸ್ಕಿಗೆ ನಕಲು ಮಾಡಿ ಇಡಬೇಕು. ಕೆಟ್ಟದ್ದನ್ನು ಏಕೆ ಕಾಯ್ದಿಡಬೇಕೆಂದು ಕೆಲವರಿಗೆ ಅನಿಸಬಹುದು. ದುರಸ್ತಿಯು ಮೂಲ ಫೈಲನ್ನೇ ತಿದ್ದುತ್ತದೆ. ಒಂದು ರೀತಿಯಿಂದ ಆಗದಿದ್ದರೆ ಇನ್ನೊಂದು ರೀತಿಯಿಂದ ಪ್ರಯತ್ನಿಸಲು ಮೂಲದ ನಕಲು ಕೈಯಲ್ಲಿರಬೇಕು. ಡಿಸ್ಕಿನಲ್ಲಿ ಜಾಗವೂ ಬೇಕು. ಪೂರ್ಣ ದುರಸ್ತಿಯ ವೇಳೆ ಪ್ರೋಗ್ರಾಮು ಮಾಹಿತಿಯ ಫೈಲನ್ನು ಹೊಸದಾಗಿ ಬರೆಯುವುದರಿಂದ ಸುಮಾರು ಇಮ್ಮಡಿ ಜಾಗ ಹಿಡಿಯುತ್ತದೆ.

ದುರಸ್ತಿಯ ಮೆಟ್ಟಿಲುಗಳು

ಮೊದಲನೆಯದು ಶೀಘ್ರ ದುರಸ್ತಿ. ಇದರಲ್ಲಿ ಮಾಹಿತಿಯ ಫೈಲನ್ನು ಮುಟ್ಟದೆ ಸೂಚಿಯನ್ನು ಮಾತ್ರ ಹೊಸದಾಗಿ ಕಟ್ಟುತ್ತಾರೆ. ಇಷ್ಟರಲ್ಲಿಯೇ ಕೆಲಸವಾದರೆ ನಿಮ್ಮ ದಾಖಲೆಗಳಿಗೆ ಅಪಾಯವಿಲ್ಲ.

ಅದು ಸಾಗದಿದ್ದರೆ ಪೂರ್ಣ ದುರಸ್ತಿ. ರಿಕವರ್ ಎಂದು ಇದರ ಹೆಸರು. ಇಲ್ಲಿ ಎಚ್ಚರ ಬೇಕು. ಈ ಹಂತದಲ್ಲಿ ಪ್ರೋಗ್ರಾಮು ಮಾಹಿತಿಯ ಫೈಲನ್ನು ಮೊದಲಿನಿಂದ ಓದುತ್ತ ಹೋಗಿ, ಸರಿ ಕಂಡ ದಾಖಲೆಗಳನ್ನು ಹೊಸ ಫೈಲಿಗೆ ಬರೆಯುತ್ತದೆ, ಓದಲಾಗದ ದಾಖಲೆಗಳನ್ನು ಬಿಟ್ಟುಬಿಡುತ್ತದೆ. ಬಿಟ್ಟದ್ದು ಯಾರ ದಾಖಲೆ ಎಂದು ಅದು ಹೇಳುವುದಿಲ್ಲ. ಓದಲಿಕ್ಕೇ ಆಗದ್ದನ್ನು ಯಾರದೆಂದು ಹೇಗೆ ಹೇಳೀತು?

ಅದೂ ಆಗದಿದ್ದರೆ ಸೇಫ್ ರಿಕವರ್ ಎಂಬ ಹಳೆಯ ಕ್ರಮವಿದೆ. ನಿಧಾನವಾದದ್ದು, ಆದರೆ ಪೂರ್ಣ ದುರಸ್ತಿಗೆ ಬಗ್ಗದ ಕೆಲವು ಕೇಡುಗಳು ಇದಕ್ಕೆ ಬಗ್ಗುತ್ತವೆ. ಸೂಚಿಯ ಫೈಲಿನ ತಲೆಯ ಭಾಗವೇ ನಾಶವಾಗಿದ್ದರೆ ಅಥವಾ ಆ ಫೈಲೇ ಕಾಣೆಯಾಗಿದ್ದರೆ ಇನ್ನೊಂದು ಯುಕ್ತಿ. ಮಾಹಿತಿಯ ಫೈಲನ್ನು ಬೇರೆ ಕಡೆ ಸುರಕ್ಷಿತವಾಗಿ ತೆಗೆದಿಟ್ಟು, ವಿವರಣೆಯ ಫೈಲಿನ ಆಧಾರದಿಂದ ಖಾಲಿ ಕೋಷ್ಟಕ ಮಾಡಿಕೊಂಡು, ಹಳೆಯ ಮಾಹಿತಿಯನ್ನು ಅದರ ಮೇಲೆ ತಂದಿಟ್ಟು ಶೀಘ್ರ ದುರಸ್ತಿ ನಡೆಸುವುದು. ಹೊಸ ರಟ್ಟಿಗೆ ಹಳೆಯ ಪುಟಗಳನ್ನು ಹೊಲಿದಂತೆ.

ಕೊನೆಯ ಉಪಾಯವೆಂದು ವಿಸ್ತೃತ ದುರಸ್ತಿ ಒಂದಿದೆ. ಫೈಲಿನಲ್ಲಿ ದಾಖಲೆಯಂತೆ ಕಂಡದ್ದನ್ನೆಲ್ಲ ಅದು ಹೆಕ್ಕಿ ತರುತ್ತದೆ. ಕಾಳಿನೊಂದಿಗೆ ಹೊಟ್ಟೂ ಬರುತ್ತದೆ. ಹಿಂದೆಂದೋ ಅಳಿಸಿದ ನೋಂದಣಿಗಳ ಚೂರುಗಳು ಕೂಡ ಜೀವಂತ ದಾಖಲೆಗಳಂತೆ ಎದ್ದು ನಿಲ್ಲಬಹುದು. ಬೇರೆ ದಾರಿಯೇ ಇಲ್ಲದಾಗ ಹೊರತು ಇದನ್ನು ಬಳಸಬಾರದು, ಬಳಸಿದರೆ ಪ್ರತಿ ದಾಖಲೆಯನ್ನೂ ಕೈಯಿಂದ ತಪಾಸಬೇಕು.

ಎಷ್ಟು ಮರಳಿ ಬರುತ್ತದೆ ಎಂಬುದು ಕೋಷ್ಟಕದ ಕಟ್ಟಣೆಯ ಮೇಲೆಯೂ ನಿಂತಿದೆ. ಇದು ಕೃಷಿಕರಿಗೆ ಸುಲಭವಾಗಿ ತಿಳಿಯುವ ವಿಷಯ. ಸಾಲಿನಲ್ಲಿ 2 ಅಡಿಗೊಂದು ಸಸಿ ಹಚ್ಚಿದ್ದರೆ ಎಲ್ಲಿ ಒಂದು ಸಸಿ ಹೋಗಿದೆ ಎಂದು ಅಳೆದು ಹೇಳಬಹುದು. ಕೈಯಿಂದ ಎರಚಿ ಬಿತ್ತಿದ ಹೊಲದಲ್ಲಿ ಅದು ಆಗದು. ಕೆಲವು ಕೋಷ್ಟಕಗಳಲ್ಲಿ ಪ್ರತಿ ದಾಖಲೆಗೆ ಒಂದೇ ಉದ್ದ ಗೊತ್ತುಪಡಿಸಿರುತ್ತಾರೆ. ಆಗ ಒಂದು ದಾಖಲೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಗುತ್ತದೆಂದು ಪ್ರೋಗ್ರಾಮಿಗೆ ಗೊತ್ತು, ನಡುವೆ ಒಂದು ಕೆಟ್ಟರೂ ಮುಂದಿನದನ್ನು ಹಿಡಿಯುತ್ತದೆ. ಇನ್ನು ಕೆಲವುಗಳಲ್ಲಿ ಹೆಸರು, ಷರಾ ಮೊದಲಾದವುಗಳ ಉದ್ದಕ್ಕೆ ತಕ್ಕಂತೆ ದಾಖಲೆಯ ಉದ್ದ ಬದಲಾಗುತ್ತದೆ. ತಿದ್ದುಪಡಿಯಲ್ಲಿ ದಾಖಲೆ ಬೆಳೆದು ಇದ್ದ ಜಾಗ ಸಾಲದಿದ್ದರೆ ಅದು ಎರಡು ಮೂರು ತುಂಡಾಗಿ ಬೇರೆ ಬೇರೆ ಕಡೆ ಕೂಡುತ್ತದೆ, ತುಂಡುಗಳನ್ನು ಕೊಂಡಿಗಳು ಜೋಡಿಸುತ್ತವೆ. ಕೊಂಡಿ ತಪ್ಪಿದರೆ ಆ ದಾಖಲೆಯನ್ನು ಕೂಡಿಸುವುದು ಕಷ್ಟ. ಮೇಲಿಂದ ಮೇಲೆ ತಿದ್ದುಪಡಿಯಾದ ನೋಂದಣಿಗಳಿಗೆ ಹೀಗೆ ಅಪಾಯ ಹೆಚ್ಚು. ತಳಿ ತಪ್ಪು, ಕ್ಷೇತ್ರ ತಪ್ಪು, ಹಿಸ್ಸೆ ಬದಲಾಯಿತು ಎಂದು ನೀವು ಆಫೀಸಿಗೆ ಓಡಾಡಿ ಸರಿಪಡಿಸಿಕೊಂಡ ಆ ನೋಂದಣಿಗಳನ್ನೇ ದುರಸ್ತಿಯಾದ ಮೇಲೆ ಮೊದಲು ತಪಾಸಬೇಕು.

"ಸರಿ" ಎಂಬ ಶಬ್ದದ ಅರ್ಥ

ಡೇಟಾಬೇಸಿನ ಮೂಲಕ ದುರಸ್ತಿ ಮಾಡಿಸಿದಾಗ ಕೊನೆಯಲ್ಲಿ ತೆರೆಯ ಮೇಲೆ "ಸ್ಥಿತಿ: ಓಕೆ" ಎಂದು ಬರುತ್ತದೆ. ನೋಡಿದವರು ನಿಟ್ಟುಸಿರು ಬಿಟ್ಟು ಚಹಾಕ್ಕೆ ಹೋಗುತ್ತಾರೆ. ಆದರೆ ಆ ಓಕೆಗಿಂತ ಮೇಲಿನ ಸಾಲಿನಲ್ಲಿ ಕೆಲವೊಮ್ಮೆ ಇನ್ನೊಂದು ಮಾತು ಇರುತ್ತದೆ: ದಾಖಲೆಗಳ ಸಂಖ್ಯೆ ಇಷ್ಟಿದ್ದದ್ದು ಇಷ್ಟಾಯಿತು. ಉದಾಹರಣೆಗೆ 8,412 ಇದ್ದದ್ದು 8,397 ಆಯಿತೆಂದು ಹಿಡಿಯೋಣ. ಕೋಷ್ಟಕ ಸುಸ್ಥಿತಿಯಲ್ಲಿದೆ, ಸೂಚಿ ಮತ್ತು ಮಾಹಿತಿ ತಾಳೆಯಾಗುತ್ತವೆ, ಪ್ರೋಗ್ರಾಮು ಮತ್ತೆ ನಡೆಯುತ್ತದೆ. ಆದರೆ 15 ಹೊಲಗಳ ನೋಂದಣಿ ಹೋಗಿದೆ. ಪ್ರೋಗ್ರಾಮಿನ ದೃಷ್ಟಿಯಿಂದ ಇದು ಓಕೆ, ಆ 15 ಮನೆಗಳ ದೃಷ್ಟಿಯಿಂದ ಅಲ್ಲ.

ಕುಳೆ ಕಬ್ಬಿನಲ್ಲಿ ಖಾಲಿ ಬಿದ್ದ ಕಡೆ ನಾವು ಹೊಸ ಸಸಿ ಹಚ್ಚುತ್ತೇವೆ. ದೂರದಿಂದ ಹೊಲ ತುಂಬಿದಂತೆ ಕಾಣುತ್ತದೆ. ಅಲ್ಲಿ ಎಷ್ಟು ಗಡ್ಡೆ ಸತ್ತಿದ್ದವು ಎಂಬುದು ಎಣಿಸಿ ಬರೆದಿಟ್ಟವನಿಗೆ ಮಾತ್ರ ಗೊತ್ತು. ಆದ್ದರಿಂದ ದುರಸ್ತಿಯ ಮೊದಲು ಮತ್ತು ಅನಂತರ ಮೂರು ಎಣಿಕೆಗಳನ್ನು ಬರೆದಿಡಬೇಕೆಂದು ನಾನು ನಮ್ಮ ವಿಭಾಗದಲ್ಲಿ ಪಟ್ಟು ಹಿಡಿದಿದ್ದೇನೆ: ಒಟ್ಟು ನೋಂದಣಿಗಳು, ಒಟ್ಟು ಕ್ಷೇತ್ರ, ಮತ್ತು ಗಟವಾರು ನೋಂದಣಿಗಳು. ಒಟ್ಟು ಸಂಖ್ಯೆ ಸರಿ ಇದ್ದು ಕ್ಷೇತ್ರ ಹೊಂದದಿದ್ದರೆ ಯಾವುದೋ ದಾಖಲೆಯ ಒಳಗಿನ ಅಂಕಿ ಕೆಟ್ಟಿದೆ ಎಂದರ್ಥ. ಗಟವಾರು ಎಣಿಕೆ ಇದ್ದರೆ ಎಲ್ಲಿ ಹುಡುಕಬೇಕೆಂದು ತಿಳಿಯುತ್ತದೆ. ಕೆಟ್ಟ ಮೇಲೆ ಮೊದಲಿನ ಎಣಿಕೆ ಸಿಗುವುದಿಲ್ಲವಾದ್ದರಿಂದ ಇದನ್ನು ದಿನದ ಕೊನೆಗೆ ರೂಢಿಯಾಗಿ ಕಾಗದದ ಮೇಲೆ ಬರೆಯಬೇಕು.

ಹೋದ ದಾಖಲೆಗಳನ್ನು ತರುವುದು ದುರಸ್ತಿಯ ಪ್ರೋಗ್ರಾಮಲ್ಲ, ಹಿಂದಿನ ನಕಲು. ಪ್ರತಿದಿನ ರಾತ್ರಿ ಡೇಟಾಬೇಸಿನ ನಕಲು ತೆಗೆದಿಟ್ಟು, ಅದರ ಜೊತೆಗೆ ಬೈನರಿ ಲಾಗ್ ಎಂಬ ರೋಜು ವಹಿಯನ್ನೂ ಚಾಲೂ ಇಟ್ಟಿದ್ದರೆ, ನಿನ್ನೆ ರಾತ್ರಿಯ ನಕಲಿನ ಮೇಲೆ ಇಂದಿನ ಬದಲಾವಣೆಗಳನ್ನು ಒಂದೊಂದಾಗಿ ಮತ್ತೆ ಹಾಕಬಹುದು. ನಕಲು ಅದೇ ಕಂಪ್ಯೂಟರಿನ ಅದೇ ಡಿಸ್ಕಿನ ಮೇಲೆ ಇದ್ದರೆ ಅದನ್ನು ನಕಲು ಎನ್ನಲಾಗದು. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನ ಮೇಲೆ ಆ ನಕಲನ್ನು ತೆರೆದು ನೋಡಲೂ ಬೇಕು. ಬೀಜದ ಮೊಳಕೆ ಪರೀಕ್ಷೆ ಮಾಡದೆ ಬಿತ್ತುವವರಿಲ್ಲವಲ್ಲ.

ಹೊಸ ಪ್ರೋಗ್ರಾಮುಗಳ ಬಗ್ಗೆ ಒಂದು ಮಾತು. 2010ರಲ್ಲಿ ಬಂದ 5.5ನೆಯ ಆವೃತ್ತಿಯಿಂದ ಮೈಎಸ್‌ಕ್ಯೂಎಲ್ ತಾನಾಗಿ ಇನ್ನೊಡಿಬಿ ಎಂಬ ಬೇರೆ ಪದ್ಧತಿಯಲ್ಲಿ ಕೋಷ್ಟಕಗಳನ್ನು ಮಾಡುತ್ತದೆ. ಅದು ಮಾಡಲಿರುವ ಬದಲಾವಣೆಯನ್ನು ಮೊದಲು ಲಾಗಿನಲ್ಲಿ ಬರೆದುಕೊಳ್ಳುವುದರಿಂದ ಕರೆಂಟು ಹೋಗಿ ಬಂದ ಮೇಲೆ ತಾನೇ ಚೇತರಿಸಿಕೊಳ್ಳುತ್ತದೆ. ಅದಕ್ಕೆ ಮೈಐಸ್ಯಾಮ್‌ಚೆಕ್ ಸಲ್ಲದು. ಡಿಸ್ಕೇ ಕೆಟ್ಟು ಇನ್ನೊಡಿಬಿ ಏಳದಿದ್ದರೆ 1ರಿಂದ 6ರವರೆಗಿನ ಬಲವಂತದ ಮಟ್ಟಗಳಿಂದ ಅದನ್ನು ಎಬ್ಬಿಸಿ ಮಾಹಿತಿಯನ್ನು ಹೊರಗೆ ತೆಗೆದುಕೊಳ್ಳಬಹುದು. ಆದರೆ 4 ಮತ್ತು ಅದಕ್ಕೂ ಮೇಲಿನ ಮಟ್ಟಗಳು ಫೈಲುಗಳನ್ನು ಕಾಯಂ ಆಗಿ ಕೆಡಿಸಬಲ್ಲವು. ಸೊಸಾಯಿಟಿಗಳಲ್ಲಿ, ಹಾಲಿನ ಡೇರಿಗಳಲ್ಲಿ ಕಂಪ್ಯೂಟರ್ ಮೇಲೆ ಕೆಲಸ ಮಾಡುವ ನಿಮ್ಮ ಮಕ್ಕಳು ಯಾವ ಪದ್ಧತಿಯ ಕೋಷ್ಟಕ ಎಂದು ನೋಡದೆ ದುರಸ್ತಿಗೆ ಕೂಡಬಾರದು.

ಸಭಾಸದರು ಮಾಡಬೇಕಾದದ್ದು

ನೋಂದಣಿ ಮಾಡಿಸಿದಾಗ ಸಿಗುವ ಪಾವತಿಯನ್ನು ಬಿಲ್ಲು ಪೂರ್ತಿ ಕೈಗೆ ಬರುವವರೆಗೆ ಜೋಪಾನ ಮಾಡಿರಿ. ಅದರ ಮೇಲೆ ಗಟ ನಂಬರು, ಕ್ಷೇತ್ರ, ತಳಿ, ನಾಟಿ ತಾರೀಖು ಇವು ನಾಲ್ಕೂ ಸ್ಪಷ್ಟ ಕಾಣುತ್ತವೆಯೋ ಎಂದು ಅಲ್ಲಿಯೇ ನಿಂತು ಓದಿಕೊಳ್ಳಿರಿ. ಓದಲು ಬಾರದವರು ಓದಿಸಿಕೊಳ್ಳಿರಿ. ಯಂತ್ರದಿಂದ ಬರುವ ಪಾವತಿಯ ಶಾಯಿ ಕೆಲವು ತಿಂಗಳಲ್ಲಿ ಮಾಸುತ್ತದೆ. ಆಡಸಾಲಿ ಕಬ್ಬು ಅದಕ್ಕಿಂತ ಹೆಚ್ಚು ಕಾಲ ಹೊಲದಲ್ಲಿರುತ್ತದೆ. ಆದ್ದರಿಂದ ಒಂದು ಝೆರಾಕ್ಸ್ ತೆಗೆಸಿರಿ ಅಥವಾ ಮೊಬೈಲಿನಲ್ಲಿ ಫೋಟೋ ಹೊಡೆದಿಡಿರಿ. ವಜನ ಕಾಟಾದ ಚೀಟಿಗೂ ಇದೇ ಮಾತು. ಕಟಾವಾದ ಮೇಲೆ ಗಾಡಿ, ಟ್ರ್ಯಾಕ್ಟರಿನವರ ಕೈಯಲ್ಲಿಯೇ ಚೀಟಿ ಬಿಡುವ ರೂಢಿ ನಮ್ಮ ಭಾಗದಲ್ಲಿ ಬಹಳ ಇದೆ, ಅದು ಒಳ್ಳೆಯದಲ್ಲ.

ಯಾದಿ ದುರಸ್ತಿಯಾಯಿತೆಂದು ತಿಳಿದರೆ ಆ ವಾರದೊಳಗೆ ಪಾವತಿ ಹಿಡಿದುಕೊಂಡು ಗಟ ಆಫೀಸಿಗೆ ಬಂದು, ತೆರೆಯ ಮೇಲಿನ ದಾಖಲೆಯನ್ನು ಪಾವತಿಯ ಜೊತೆ ತಾಳೆ ನೋಡಿರಿ. ಹೆಸರು ಇದೆ ಎಂದಷ್ಟಕ್ಕೆ ತಿರುಗಬೇಡಿರಿ, ತಾರೀಖನ್ನೂ ಕ್ಷೇತ್ರವನ್ನೂ ನೋಡಿರಿ. ಎರಡು ಹೊಲ ನೋಂದಣಿ ಮಾಡಿಸಿದವರು ಎರಡನ್ನೂ ನೋಡಬೇಕು. ವ್ಯತ್ಯಾಸ ಕಂಡರೆ ಬಾಯಿಮಾತಿನಿಂದ ಹೇಳಿ ಹೋಗದೆ ಪಾವತಿಯ ನಕಲು ಮತ್ತು 7/12 ಉತಾರೆ ಹಚ್ಚಿ ಅರ್ಜಿ ಕೊಟ್ಟು, ಅರ್ಜಿ ಮುಟ್ಟಿದ ಸಹಿ ತೆಗೆದುಕೊಳ್ಳಿರಿ. ಪಾವತಿ ಕಳೆದುಹೋಗಿದ್ದರೆ ನಿಮ್ಮ ಊರಿನ ಚಿಟ್‌ಬಾಯ್ ಬಳಿ ಇರುವ ಹೊಲದ ಭೇಟಿಯ ವಹಿಯಲ್ಲಿ ನಾಟಿ ತಾರೀಖು ಸಿಗುತ್ತದೆ, ಅವನನ್ನು ಕರೆದುಕೊಂಡೇ ಬನ್ನಿರಿ.